ತವರಿನ ಟಿ.ವಿ. ಹೋದ ಮೇಲೆ

ಹೆಂಡತಿಯ ತವರಿನಿಂದ ಬಂದ ಟಿ.ವಿ.ಯನ್ನು ಹೆಂಡತಿಗೆ ಒಂದು ಮಾತೂ ಹೇಳದೆ ಮಾರಿ ಬರುವ ಗಂಡಸಿಗೆ ಧೈರ್ಯ ಹೆಚ್ಚು ಅನ್ನಬೇಕೋ ಬುದ್ಧಿ ಕಡಿಮೆ ಅನ್ನಬೇಕೋ, ನೀವೇ ಹೇಳಿ. ಮುನೇಶ ಹಾಗೆ ಮಾಡಿದ. ರಾಧಾಮಣಿ ತೋಟದಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯುತ್ತಿದ್ದ ಹೊತ್ತು ನೋಡಿ, ಟಿ.ವಿ.ಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಆಟೋದಲ್ಲಿಟ್ಟುಕೊಂಡು ಶಿಡ್ಲಘಟ್ಟಕ್ಕೆ ಹೋದ. ಸಂಜೆ ಹಿಂದಿರುಗಿದಾಗ ಅವನ ಕೈಯಲ್ಲಿ ಒಂದು ಪುಟ್ಟ ರಟ್ಟಿನ ಡಬ್ಬವಿತ್ತು.

"ಟಿ.ವಿ. ಎಲ್ಲೋ?" ಎಂದಳು ತಾಯಿ ಲಕ್ಷ್ಮೀನರಸಮ್ಮ. ಅವಳಿಗೆ ಧಾರಾವಾಹಿಯ ಹೊತ್ತಾಗುತ್ತಿತ್ತು.

"ಇದ್ರಲ್ಲಿದೆ ಕಣಮ್ಮ."

"ಇದ್ರಲ್ಲಾ? ನನ್ನ ಎಲೆಅಡಿಕೆ ಡಬ್ಬಿನೇ ಇದಕ್ಕಿಂತ ದೊಡ್ಡದಿದೆ."

ಮುನೇಶನಿಗೆ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಫೋಟೋ ಸ್ಟುಡಿಯೋ ಇತ್ತು. ಫೋಟೋಗಿಂತ ಮದುವೆ ವಿಡಿಯೋದಲ್ಲೇ ಅವನ ಜೀವನ ನಡೆಯುತ್ತಿತ್ತು. ಕ್ಯಾಸೆಟ್ಟಿನ ಕಾಲ ಮುಗಿಯುತ್ತ ಬಂದು ಎಲ್ಲರೂ ಸಿ.ಡಿ. ಕೇಳತೊಡಗಿದ ವರ್ಷಗಳು ಅವು. ಮಿಕ್ಸಿಂಗ್ ಮಾಡುವ ಕಂಪ್ಯೂಟರನ್ನು ಅವನು ಮನೆಯ ನಡುಕೋಣೆಯಲ್ಲೇ ಇಟ್ಟುಕೊಂಡಿದ್ದ. ಡಬ್ಬದಿಂದ ಅವನು ಹೊರತೆಗೆದದ್ದು ಹಸಿರು ಹಲಗೆಯಂಥ ಒಂದು ವಸ್ತು, ಅದರ ಮೇಲೊಂದು ಪುಟಾಣಿ ಫ್ಯಾನು.

"ಗ್ರಾಫಿಕ್ಸ್ ಕಾರ್ಡು. ಕೇಬಲ್ ವೈರ್ ತಂದು ಇದಕ್ಕೆ ಸಿಕ್ಕಿಸಿದ್ರೆ ಕಂಪ್ಯೂಟರೇ ಟಿ.ವಿ. ಆಗುತ್ತೆ. ಬರ್ತಾ ಇರೋದನ್ನ ಹಿಡಿದು ಇಟ್ಕೋಬಹುದು. ಮದುವೆ ಕ್ಯಾಸೆಟ್ಟನ್ನೂ ಇದ್ರಲ್ಲೇ ಒಳಗೆ ತಗೋಬಹುದು. ಒಂದು ಕೊಟ್ಟು ಎರಡು ತಂದಿದೀನಿ."

"ಕೊಟ್ಟಿದ್ದು ಯಾರದ್ದು ಅಂತ ಗೊತ್ತಿದೆಯೇನೋ?" ಎಂದ ತಂದೆ ವೆಂಕಟರಾಯಪ್ಪ. ಅಷ್ಟೇ ಹೇಳಿ ಟವೆಲ್ಲು ಕೊಡವಿಕೊಂಡು ಹೊರಗೆ ಹೋದ. ಆತನ ಮಾತು ಯಾವಾಗಲೂ ಅಷ್ಟೇ. ಊರಿನಲ್ಲಿ ಆತನಿಂದ ಬೈಸಿಕೊಂಡವರು ಬೇಕಾದಷ್ಟು ಜನರಿದ್ದರು, ಹೊಗಳಿಸಿಕೊಂಡವರು ಒಬ್ಬರೂ ಇರಲಿಲ್ಲ.

ರಾಧಾಮಣಿ ತಲೆಯ ಮೇಲಿನ ಸೊಪ್ಪಿನ ಹೊರೆ ಇಳಿಸಿ ಒಳಗೆ ಬಂದಳು. ಖಾಲಿಯಾದ ಸ್ಟ್ಯಾಂಡಿನ ಮೇಲೆ ಟಿ.ವಿ. ಕೂತಿದ್ದ ಜಾಗ ಮಾತ್ರ ಧೂಳಿಲ್ಲದೆ ಚೌಕವಾಗಿ ಹೊಳೆಯುತ್ತಿತ್ತು. ಮಗಳು ಧನುಶ್ರೀ ಓಡಿ ಬಂದು, "ಅಮ್ಮ, ಅಪ್ಪ ಟಿ.ವಿ. ಮಾರ್‌ಬಿಟ್ರು, ನಾನಂಟಿಸಿದ್ದ ಗಿಳಿ ಸ್ಟಿಕ್ಕರೂ ಹೋಯ್ತು" ಎಂದಳು. ರಾಧಾಮಣಿ ಸೊಪ್ಪಿನ ಹೊರೆಯನ್ನು ಮತ್ತೆ ಎತ್ತಿಕೊಂಡಳು. ಹುಳದ ಮನೆಗೆ ಹೋಗಿ ಸೊಪ್ಪು ಹಾಕಿದಳು, ಬಂದು ಮುದ್ದೆ ತೊಳಸಿದಳು, ಗಂಡನ ತಟ್ಟೆಗೆ ಮುದ್ದೆ ಬಿದ್ದ ಸದ್ದಿಗೆ ಬೆಕ್ಕು ಎದ್ದು ಹೊರಗೆ ಹೋಯಿತು.

"ಸಾರು ಹಾಕು" ಎಂದ ಮುನೇಶ.

"ನಮ್ಮಪ್ಪ ಅದನ್ನ ಕೊಟ್ಟಿದ್ದು ನನಗೆ ರೀ. ನಿಮಗಲ್ಲ."

"ಅದು ಹಳೇದಾಗಿತ್ತು ಕಣೇ. ಪಿಕ್ಚರ್ ಟ್ಯೂಬ್ ಹೋಗೋದ್ರಲ್ಲಿತ್ತು."

"ನಮ್ಮಪ್ಪನೂ ಹಳಬರಾಗಿದಾರೆ. ಅವರನ್ನೂ ಕಂಬಳೀಲಿ ಸುತ್ಕೊಂಡು ಹೋಗಿ."

ಮುನೇಶ ಅವತ್ತು ಸಾರಿಲ್ಲದೆ ಉಂಡ.

ರಾಧಾಮಣಿಯ ತಂದೆ ಆವುಲಪ್ಪ ನಗರಗೆರೆಯವನು. ಹುಳ ಸಾಕಿ ಸಂಸಾರ ನಡೆಸಿದವನು. ಮಗಳ ಮದುವೆಗೆ ಗೌರಿಬಿದನೂರಿನಿಂದ ಆ ಕಲರ್ ಟಿ.ವಿ.ಯನ್ನು ಟೆಂಪೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಆಗ ಅವನ ಮನೆಯಲ್ಲೇ ಟಿ.ವಿ. ಇರಲಿಲ್ಲ. ಅಪ್ಪ ಬಂದಾಗಲೆಲ್ಲ ಮೊದಲು ಟಿ.ವಿ.ಯ ತಲೆ ಸವರಿ, "ಚೆನ್ನಾಗಿ ಬರ್ತಿದೆಯೇನಮ್ಮ?" ಎಂದು ಕೇಳಿ ಆಮೇಲೆ ಮಗಳ ಯೋಗಕ್ಷೇಮ ವಿಚಾರಿಸುತ್ತಿದ್ದ. ಈಗ ಬಂದರೆ ಏನು ಹೇಳುವುದು? ರಾಧಾಮಣಿಯ ಹೊಟ್ಟೆಯಲ್ಲಿ ಆ ಒಂದು ಪ್ರಶ್ನೆ ಕೂತುಬಿಟ್ಟಿತು.

ಕಾರ್ಡಿನ ಸಂಸಾರ ಶುರುವಾಯಿತು. ಮೊದಲ ವಾರವೆಲ್ಲ ಜಗಳ. ಮುನೇಶ ಯಾರದೋ ಮದುವೆಯ ಧಾರೆ ಮಿಕ್ಸಿಂಗ್ ಮಾಡುತ್ತಿದ್ದರೆ ತಾಯಿ ಹಿಂದೆ ಬಂದು ನಿಲ್ಲುತ್ತಿದ್ದಳು.

"ಆ ಹೆಣ್ಣಿಗೆ ಎಷ್ಟು ಸಲ ತಾಳಿ ಕಟ್ಟಿಸ್ತೀಯೋ? ನನ್ನ ಧಾರಾವಾಹಿ ಹಾಕು."

"ಇರಮ್ಮ, ನಾಳೆ ಸಿ.ಡಿ. ಕೊಡ್ಬೇಕು."

"ಹಾಗಾದ್ರೆ ಇವತ್ತಿನ ಊಟಾನೂ ನಾಳೆನೇ ಮಾಡು."

ಧನುಶ್ರೀ ಒಂದು ದಿನ ಏನನ್ನೋ ಒತ್ತಿ ಒಂದು ಮದುವೆಯ ಮುಹೂರ್ತವನ್ನೇ ಅಳಿಸಿಹಾಕಿದಳು. ಮುನೇಶ ತಲೆ ಚಚ್ಚಿಕೊಂಡು, ಕ್ಯಾಸೆಟ್ಟನ್ನು ಮತ್ತೆ ಮೊದಲಿನಿಂದ ಓಡಿಸಿ ಒಳಗೆ ತೆಗೆದುಕೊಂಡ. ಅಂದಿನಿಂದ ಕಂಪ್ಯೂಟರನ್ನು ಅವನಿಲ್ಲದಾಗ ಯಾರೂ ಮುಟ್ಟಬಾರದೆಂದು ಕಾನೂನಾಯಿತು.

ತಾಯಿಯನ್ನು ಗೆದ್ದುಕೊಂಡದ್ದು ಒಂದು ಗುಂಡಿ. ಕಾರ್ಡಿನ ಜೊತೆ ಬಂದಿದ್ದ ರಿಮೋಟಿನಲ್ಲಿ ಅದನ್ನು ಒತ್ತಿದರೆ ಓಡುತ್ತಿರುವ ಧಾರಾವಾಹಿ ನಿಂತೇ ಬಿಡುತ್ತಿತ್ತು. ಮತ್ತೆ ಒತ್ತಿದರೆ ನಿಂತಲ್ಲಿಂದ ಹೊರಡುತ್ತಿತ್ತು. ಧಾರಾವಾಹಿಯ ಕೆಟ್ಟ ನಾದಿನಿ ಬಾಯಿ ಅಗಲಿಸಿದ್ದಾಗ ಸರಿಯಾಗಿ ನಿಲ್ಲಿಸಿ, "ಇರೇ ಹಾಗೇ, ಹುಳಕ್ಕೆ ಸೊಪ್ಪು ಹಾಕಿ ಬರ್ತೀನಿ" ಎಂದು ಲಕ್ಷ್ಮೀನರಸಮ್ಮ ಹೋಗಿ ಬರುತ್ತಿದ್ದಳು. ಬಂದಾಗಲೂ ನಾದಿನಿ ಬಾಯಿ ತೆರೆದೇ ಇರುತ್ತಿದ್ದಳು. ಆ ಸಂತೋಷವನ್ನು ಮುದುಕಿ ಊರೆಲ್ಲ ಹೇಳಿಕೊಂಡು ಬಂದಳು. "ನಿಮ್ಮನೆ ಟಿ.ವಿ. ಅದರ ಇಷ್ಟಕ್ಕೆ ಓಡುತ್ತೆ. ನಮ್ಮದು ನಾನು ಹೇಳಿದ ಹಾಗೆ ಕೇಳುತ್ತೆ." ಪಕ್ಕದ ಮನೆಯ ಅನಸೂಯಮ್ಮ ಎರಡು ದಿನ ಇವಳೊಂದಿಗೆ ಮಾತು ಬಿಟ್ಟಳು.

ಅವಳು ಬಿಡದ ನೇಮ ಒಂದೇ. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಟಿ.ವಿ. ಓಡಬಾರದು. ಹಳೆಯ ಟಿ.ವಿ.ಯನ್ನೂ ಆ ಹೊತ್ತಿಗೆ ಆರಿಸಿ, ದೀಪ ಹಚ್ಚಿ, ಕೈಮುಗಿದು, ಆಮೇಲೆ ಹಾಕುತ್ತಿದ್ದಳು. ಹೊಸದಕ್ಕೂ ಅದೇ ನೇಮ. ಅವಳ ಮಟ್ಟಿಗೆ ಮೇಜಿನ ಮೇಲಿದ್ದ ಪರದೆಯೇ ಟಿ.ವಿ., ಕೆಳಗೆ ಗುಂಯ್‌ಗುಟ್ಟುತ್ತಿದ್ದ ಪೆಟ್ಟಿಗೆ ಮಗನ ಮಿಷನ್ನು.

ರಾಧಾಮಣಿ ಮಾತ್ರ ಆ ಪರದೆಯ ಕಡೆ ಮುಖ ಹಾಕಲಿಲ್ಲ. ರೇಷ್ಮೆ ಗೂಡು ಮಾರಲು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋದ ದಿನ ಬಸ್ ಸ್ಟ್ಯಾಂಡಿನ ಟೀ ಹೋಟೆಲಿನಲ್ಲಿ ತನ್ನ ಟಿ.ವಿ.ಯನ್ನು ಕಂಡಳು. ಮೂಲೆಯಲ್ಲಿ ಗಿಳಿ ಹಾಗೇ ಇತ್ತು. ಬೋಂಡಾ ಕರಿಯುವ ಹೊಗೆಯಲ್ಲಿ ಯಾವುದೋ ಸಿನಿಮಾ ತೋರಿಸುತ್ತಿತ್ತು. ಅವಳು ಟೀ ಕುಡಿಯದೆ ಎದ್ದು ಬಂದಳು, ಮನೆಗೆ ಬಂದು ಗಂಡನಿಗೆ, "ನಿಮ್ಮ ಪಿಕ್ಚರ್ ಟ್ಯೂಬು ಚೆನ್ನಾಗೇ ಇದೆ" ಎಂದಳು.

ಅವಳ ಹೆಮ್ಮೆ ಬೇರೆ ಕಡೆ ಇತ್ತು. ಊರೆಲ್ಲ ಹಳದಿ ಗೂಡು ಬೆಳೆಯುತ್ತಿದ್ದಾಗ ಅವಳು ಬಿಳಿ ಗೂಡಿನ ಹುಳ ತರಬೇಕೆಂದು ಹಟ ಹಿಡಿದವಳು. "ಆ ಜಾತಿ ಹುಳ ಬಲು ನಾಜೂಕು. ನಮ್ಮ ಸೆಕೆಗೆ ತಡೆಯಲ್ಲ. ಬೇಡ" ಎಂದಿದ್ದ ವೆಂಕಟರಾಯಪ್ಪ. ಅವಳು ಕೇಳಲಿಲ್ಲ. ಬಾಗಿಲಿಗೆ ಒದ್ದೆ ಗೋಣಿ ಕಟ್ಟಿದಳು, ಹೊಸ್ತಿಲಲ್ಲಿ ಸುಣ್ಣ ಹಾಕಿ ಹೊರಗಿನವರನ್ನು ಅಲ್ಲೇ ತಡೆದಳು, ಮಾವನಿಗೂ ಕಾಲು ತೊಳೆಯದೆ ಒಳಗೆ ಪ್ರವೇಶವಿರಲಿಲ್ಲ. ಬೆಳೆ ಮೇಲಿಂದ ಮೇಲೆ ಗೆದ್ದಿತು. ಮಾರ್ಕೆಟ್ಟಿನಲ್ಲಿ ನೂಲು ತೆಗೆಯುವ ರೀಲರುಗಳು ಅವಳ ಗೂಡಿಗೆ ಕೈಯಿಟ್ಟು, ಹಿಡಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ತಲೆದೂಗಿದರು. ಸುದ್ದಿ ರೇಷ್ಮೆ ಇಲಾಖೆಯವರೆಗೆ ಹೋಗಿ, ಅಲ್ಲಿಂದ ದೂರದರ್ಶನದ ಕೃಷಿ ಕಾರ್ಯಕ್ರಮದವರು ಒಂದು ದಿನ ಜೀಪಿನಲ್ಲಿ ಬಂದಿಳಿದರು.

"ರೈತರು ಯಾರು?" ಎಂದು ಅವರು ಕೇಳಿದಾಗ ನೆರೆದವರೆಲ್ಲ ವೆಂಕಟರಾಯಪ್ಪನತ್ತ ಕೈ ತೋರಿಸಿದರು. ತೋಟ ಆತನ ಹೆಸರಿನಲ್ಲಿತ್ತು. ಆತ ಗಡ್ಡ ಹೆರೆಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಕ್ಯಾಮೆರಾದವರ ಜೊತೆ ತೋಟಕ್ಕೆ ಹೋದ. ರಾಧಾಮಣಿಗೆ ಹುಳದ ಮನೆಯಲ್ಲಿ ಸೊಪ್ಪು ಹರಡಿ ತೋರಿಸಲು ಹೇಳಿದರು. ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹರಡಿದಳು. ಯಾರೂ ಅವಳನ್ನು ಏನೂ ಕೇಳಲಿಲ್ಲ.

"ತೋಟದಲ್ಲಿ ಏನು ಹೇಳಿದ್ರಿ?" ಎಂದು ಲಕ್ಷ್ಮೀನರಸಮ್ಮ ಗಂಡನನ್ನು ಕೇಳಿದಳು.

"ಕೇಳಿದ್ದಕ್ಕೆ ಹೇಳಿದೆ" ಎಂದು ವೆಂಕಟರಾಯಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ.

ಅಡಿಗೆಮನೆಯಲ್ಲಿ ರಾಧಾಮಣಿ ಗಂಡನಿಗೆ ಹೇಳಿದಳು: "ಮಾತು ಮಾವಂದು, ಕೈ ನಂದು. ನನ್ನ ಕೈ ಬರುತ್ತೆ ಬಿಡಿ ಟಿ.ವಿ.ಲಿ." ನಗುತ್ತ ಹೇಳಿದರೂ ಅವಳಿಗೆ ನೋವಾಗಿತ್ತು. ಆಮೇಲೆ ತಾನೇ ಮುಂದುವರಿಸಿ, "ಆದ್ರೂ ಅಪ್ಪ ನೋಡ್ಬೇಕು. ಕೈ ನೋಡಿದ್ರೂ ನಂದೇ ಅಂತ ಅವರಿಗೆ ಗೊತ್ತಾಗುತ್ತೆ" ಎಂದಳು.

ಟಿ.ವಿ. ಹೋದ ಮೇಲೆ ಅವಳು ಗಂಡನೊಂದಿಗೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಮುನೇಶ ಎದ್ದು ನಿಂತು, "ಹಿಡಿದಿಡ್ತೀನಿ. ಸಿ.ಡಿ. ಮಾಡಿ ನಾನೇ ನಗರಗೆರೆಗೆ ತಗೊಂಡು ಹೋಗಿ ಕೊಡ್ತೀನಿ. ಇದೊಂದು ಆಗ್ಲಿಲ್ಲ ಅಂದ್ರೆ ಆ ಕಾರ್ಡನ್ನ ನೀನೇ ಒಲೆಗೆ ಹಾಕು" ಎಂದ.

"ನೆನಪಿರ್ಲಿ" ಎಂದಳು ರಾಧಾಮಣಿ.

ತಿಂಗಳಾದ ಮೇಲೆ ಫೋನು ಬಂತು: ಗುರುವಾರ ಸಂಜೆ ಪ್ರಸಾರ. ಆ ಹೊತ್ತಿಗೆ ಮುಂದಿನ ಬೆಳೆಯ ಹುಳಗಳು ಸೊಪ್ಪು ತಿನ್ನುವುದು ನಿಲ್ಲಿಸುತ್ತ ಬಂದಿದ್ದವು. ಗುರುವಾರ ಮಧ್ಯಾಹ್ನವೇ ಹುಳ ಹಣ್ಣಾದವು. ಮೈ ಹೊಳಪಾಗಿ, ಕತ್ತೆತ್ತಿ ನೂಲು ಬಿಡಲು ಜಾಗ ಹುಡುಕತೊಡಗಿದವು. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. ಒಂದೊಂದನ್ನೂ ಕೈಯಲ್ಲಿ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು, ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಬೆಳೆ ಹಾಳಾಗುತ್ತದೆ. ಅಕ್ಕಪಕ್ಕದವರೂ ಕೈಕಾಲು ತೊಳೆದುಕೊಂಡು ಬಂದು ಕೂತರು. ಮುನೇಶ ಮಾತ್ರ ಚಿಂತಾಮಣಿಯ ಮದುವೆ ಒಂದನ್ನು ಮೊದಲೇ ಒಪ್ಪಿಕೊಂಡಿದ್ದ, ಸಂಜೆ ಆರತಕ್ಷತೆ, ಮರುದಿನ ಮುಹೂರ್ತ. ಹೊರಡುವ ಮುಂಚೆ ಕಂಪ್ಯೂಟರಿಗೆ ಹೊತ್ತು ಗೊತ್ತುಮಾಡಿ, ಕೈತಪ್ಪಬಾರದೆಂದು ಕಾರ್ಯಕ್ರಮಕ್ಕೆ ಸ್ವಲ್ಪ ಮುಂಚಿನಿಂದಲೇ ರೆಕಾರ್ಡ್ ಆಗುವಂತೆ ಮಾಡಿದ.

"ತಾನಾಗೇ ಶುರುವಾಗುತ್ತೆ, ತಾನಾಗೇ ನಿಲ್ಲುತ್ತೆ. ಯಾರೂ ಹತ್ರ ಹೋಗ್ಬೇಡಿ. ಅಮ್ಮ, ನಿನಗೇ ಹೇಳ್ತಿರೋದು."

"ನಾನ್ಯಾಕೋ ಹೋಗ್ಲಿ ನಿನ್ನ ಮಿಷನ್ ಹತ್ರ?"

ಸಂಜೆ ಲಕ್ಷ್ಮೀನರಸಮ್ಮ ದೀಪ ಹಚ್ಚಲೆಂದು ಹುಳದ ಮನೆಯಿಂದ ಒಬ್ಬಳೇ ಎದ್ದು ಬಂದಳು. ಬತ್ತಿಗೆ ಎಣ್ಣೆ ಹಾಕುತ್ತಿದ್ದಾಗ ಯಾರೂ ಇಲ್ಲದ ಕೋಣೆಯಲ್ಲಿ ಪರದೆ ತಾನಾಗಿ ಹೊತ್ತಿಕೊಂಡು, ಸೋಪಿನ ಜಾಹೀರಾತು ಹಾಡತೊಡಗಿತು. ದೀಪದ ಹೊತ್ತು. ಅವಳ ಕೈ ತಾನೇ ಮುಂದೆ ಹೋಗಿ ಪರದೆಯ ಕೆಳಗಿನ ಗುಂಡಿಯನ್ನು ಒತ್ತಿತು. ಪರದೆ ಕಪ್ಪಾದರೂ ಹಾಡು ನಿಲ್ಲಲಿಲ್ಲ, ಅವಳು ಪಕ್ಕದ ಸ್ಪೀಕರಿನ ಗುಂಡಿಯನ್ನೂ ಟಕ್ಕೆನ್ನುವವರೆಗೆ ತಿರುಗಿಸಿದಳು. ದೀಪ ಹಚ್ಚಿ ಕೈಮುಗಿದು ಮತ್ತೆ ಹಾಕಿದರಾಯಿತು ಅಂದುಕೊಂಡಿದ್ದಳು. ಅಷ್ಟರಲ್ಲಿ ಧನುಶ್ರೀ ಬಂದು, "ಅಜ್ಜಿ, ಚಂದ್ರಿಕೆ ಸಾಲ್ತಿಲ್ವಂತೆ, ಅಟ್ಟದ ಮೇಲಿಂದು ಕೊಡ್ಬೇಕಂತೆ" ಎಂದಳು. ಅಜ್ಜಿ ಅವಸರದಲ್ಲಿ ದೀಪ ಹಚ್ಚಿ ಕೈಮುಗಿದು ಅಟ್ಟದ ಕಡೆ ಓಡಿದಳು.

ಅವಳಿಗೆ ಅದು ನೆನಪಾದದ್ದು ಊಟದ ಹೊತ್ತಿಗೆ, ಬಾಯಿಗೆ ಹೋಗುತ್ತಿದ್ದ ತುತ್ತು ತಟ್ಟೆಗೆ ಬಿದ್ದಾಗ.

"ಅಯ್ಯೋ ದೇವುಡಾ! ಟಿ.ವಿ. ಆರಿಸಿಬಿಟ್ನಲ್ಲೇ!"

ರಾಧಾಮಣಿ ಎದ್ದು ನಡುಕೋಣೆಗೆ ಹೋಗಿ ನೋಡಿದಳು. ಪರದೆ ಕಪ್ಪಗಿತ್ತು. ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಅವಳು ಬಾಗಿಲಲ್ಲೇ ನಿಂತು ಮಾತಾಡಿದಳು.

"ಅತ್ತೆ, ಇಷ್ಟು ವರ್ಷದಲ್ಲಿ ನಾನು ಏನಾದ್ರೂ ಕೇಳಿದೀನಾ? ಒಂದು ಕೇಳಿದ್ದೆ. ನಮ್ಮಪ್ಪನ ಕಣ್ಣಿಗೆ ಬೀಳ್ಲಿ ಅಂತ ಒಂದೇ ಒಂದು. ಅದೂ ನಿಮ್ಮ ಕೈಗೆ ಅಡ್ಡ ಬಂತಾ?"

"ದೀಪದ ಹೊತ್ತು ಕಣಮ್ಮ... ಮತ್ತೆ ಹಾಕೋಣ ಅಂತಿದ್ದೆ. ಬೇಕೂಂತ ಮಾಡ್ತೀನಾ ನಾನು?"

"ಬೇಕೂಂತ ಯಾರೂ ಮಾಡಲ್ಲ. ಇವರು ಬೇಕೂಂತ ಟಿ.ವಿ. ಮಾರಿದ್ರಾ? ನನ್ನದು ಅಂತ ಇರೋದೆಲ್ಲ ಈ ಮನೇಲಿ ಹಾಗೇ ಹೋಗುತ್ತೆ!"

ಲಕ್ಷ್ಮೀನರಸಮ್ಮನ ಕಣ್ಣಲ್ಲಿ ನೀರು ಬಂತು. ಬಾಯಿ ಜೋರಿನ ಮುದುಕಿ ಅಳುವುದನ್ನು ಮೊಮ್ಮಗಳು ಮೊದಲ ಸಲ ನೋಡಿ ತಾನೂ ಅತ್ತಳು. ಆದರೆ ವೆಂಕಟರಾಯಪ್ಪ ಮಾತ್ರ ಹಗುರವಾದವನಂತೆ ಕಂಡ. "ಹೋಗ್ಲಿ ಬಿಡಿ. ಬರದೇ ಇದ್ದದ್ದೇ ಒಳ್ಳೇದಾಯ್ತು. ಅಂಥದ್ದೇನಿತ್ತು ಅದ್ರಲ್ಲಿ?" ಎಂದು ಕೈ ತೊಳೆದುಕೊಂಡ. ಸೊಸೆಗೆ ಆ ಮಾತು ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚಿತು.

ಮರುದಿನ ಮಧ್ಯಾಹ್ನ ಮುನೇಶ ಬಂದಾಗ ಮನೆ ಸತ್ತ ಮನೆಯಂತಿತ್ತು. ಮೂವರೂ ಮೂರು ಕಡೆಯಿಂದ ಹೇಳಿದ್ದನ್ನು ಕೇಳಿಕೊಂಡು ಮೇಜಿನ ಕೆಳಗೆ ಬಗ್ಗಿ ನೋಡಿದ. ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು.

"ಅಮ್ಮ, ನೀನು ಯಾವ ಗುಂಡಿ ಒತ್ತಿದೆ?"

"ಟಿ.ವಿ.ದು ಕಣೋ. ಇದೇ, ಇದು."

"ಕೆಳಗಿನ ಪೆಟ್ಟಿಗೆ ಮುಟ್ಟಿದ್ಯಾ?"

"ಆ ಮಿಷನ್ ನಾನ್ಯಾಕೆ ಮುಟ್ಲಿ?"

ಮುನೇಶ ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ. "ನೀನು ಕಣ್ಣು ಮುಚ್ಚಿದ್ದೀಯ ಅಷ್ಟೆ ಕಣಮ್ಮ, ಅದಕ್ಕೆ ಎಚ್ಚರ ಇತ್ತು. ಹಿಡಿಯೋದು ಈ ಪೆಟ್ಟಿಗೆ ಒಳಗಿರೋ ಕಾರ್ಡು." ಪರದೆಯ ಗುಂಡಿ ಒತ್ತಿ, ಮೌಸ್ ಅಲ್ಲಾಡಿಸಿ ಹುಡುಕಿದ. ಸೋಪಿನ ಜಾಹೀರಾತು ಬಂತು, ಅದರ ಹಿಂದೆ ಕಾರ್ಯಕ್ರಮದ ಸಂಗೀತ, ಆಮೇಲೆ ಅವರ ತೋಟದ ಹಿಪ್ಪುನೇರಳೆ ಗಾಳಿಗೆ ಅಲ್ಲಾಡುವುದು. ಧನುಶ್ರೀ ಕಿರುಚಿದಳು. ಅತ್ತೆ ಸೊಸೆಯ ಕೈ ಹಿಡಿದುಕೊಂಡಳು, ಸೊಸೆ ಬಿಡಿಸಿಕೊಳ್ಳಲಿಲ್ಲ.

"ನಿಲ್ಲಿಸಿ" ಎಂದಳು ರಾಧಾಮಣಿ. "ತಡವಾಗಿ ಹಣ್ಣಾದ ಹುಳ ಇನ್ನೂ ಚಂದ್ರಿಕೆಗೆ ಬಿಟ್ಟಿಲ್ಲ. ಕೆಲಸ ಮುಗೀಲಿ, ಎಲ್ಲಾರೂ ಕೂತು ನೋಡೋಣ."

ಭಾನುವಾರ ಕೊನೆಯ ಚಂದ್ರಿಕೆಯ ಹುಳವೂ ಗೂಡಿನೊಳಗೆ ಮರೆಯಾಗಿತ್ತು. ಮುನೇಶ ಸಿ.ಡಿ. ಹಿಡಿದು ನಗರಗೆರೆಗೆ ಹೊರಡಬೇಕೆಂದಿದ್ದ. ಅಷ್ಟರಲ್ಲಿ ಆವುಲಪ್ಪನೇ ಬಂದುಬಿಟ್ಟ. ಗೌರಿಬಿದನೂರು, ಮಂಚೇನಹಳ್ಳಿ, ಚಿಕ್ಕಬಳ್ಳಾಪುರ ಎಂದು ಬಸ್ಸು ಬದಲಾಯಿಸಿಕೊಂಡು, ಕಡಲೆಕಾಯಿ ಚೀಲ ಹೊತ್ತು ಬಂದಿದ್ದ.

"ನಿನ್ನನ್ನ ಟಿ.ವಿ.ಲಿ ತೋರಿಸಿದ್ರಂತಲ್ಲಮ್ಮ. ನಮ್ಮ ಕಡೆ ಅವತ್ತು ಕರೆಂಟೇ ಇಲ್ಲ. ಏನೇನು ಬಂತು ನೀನೇ ಹೇಳು, ಕೇಳ್ಕೊಂಡು ಹೋಗೋಣ ಅಂತ ಬಂದೆ."

ಹೇಳುತ್ತಲೇ ಅಭ್ಯಾಸಬಲದಿಂದ ಸ್ಟ್ಯಾಂಡಿನ ಕಡೆ ಕೈ ಚಾಚಿದ. ಅಲ್ಲಿ ಮುನೇಶನ ಕ್ಯಾಸೆಟ್ಟುಗಳ ರಾಶಿ ಇತ್ತು.

"ಟಿ.ವಿ. ಎಲ್ಲಮ್ಮ?"

ಮುನೇಶ ತನ್ನ ಕಾಲಬೆರಳು ನೋಡಿಕೊಂಡ. ಲಕ್ಷ್ಮೀನರಸಮ್ಮ ಬಾಯಿಗೆ ಸೆರಗು ಹಿಡಿದಳು. ಇಷ್ಟು ದಿನ ಹೊಟ್ಟೆಯಲ್ಲಿದ್ದ ಪ್ರಶ್ನೆ ಎದುರಿಗೇ ಬಂದು ನಿಂತಾಗ ರಾಧಾಮಣಿ ಗಂಡನ ಕಡೆ ಒಂದು ಸಲ ನೋಡಿದಳು.

"ನಾವು ಬದಲಾಯಿಸಿದ್ವಿ ಅಪ್ಪ. ಇದು ಇನ್ನೂ ಒಳ್ಳೇದು. ಕೂತ್ಕೊ, ತೋರಿಸ್ತೀವಿ."

ಮುನೇಶ ತಲೆಯೆತ್ತಿದ. ಅವನ ಮುಖ ನೋಡುವ ಹಾಗಿತ್ತು.

ಬೀಗರನ್ನು ಕುರ್ಚಿಯಲ್ಲಿ ಕೂರಿಸಿ ಉಳಿದವರು ಚಾಪೆಯ ಮೇಲೆ ಕೂತರು. ವೆಂಕಟರಾಯಪ್ಪ ಬಾಗಿಲ ಹತ್ತಿರ ನಿಂತ. ತೋಟ ಬಂತು, ಹುಳದ ಮನೆ ಬಂತು, ಸೊಪ್ಪು ಹರಡುವ ಎರಡು ಕೈ ಬಂದವು. "ನಮ್ಮ ರಾಧಾಮಣಿ ಕೈ" ಎಂದ ಆವುಲಪ್ಪ ತಕ್ಷಣ. "ಬಳೆ ನೋಡ್ಬೇಕಾಗಿಲ್ಲ, ಸೊಪ್ಪು ಹಾಕೋ ರೀತಿ ನೋಡು." ಅಷ್ಟೇ ಬರುವುದೆಂದುಕೊಂಡಿದ್ದ ರಾಧಾಮಣಿಗೆ ಅಷ್ಟೇ ಸಾಕೆನ್ನಿಸಿತು.

ಆಮೇಲೆ ಇಸ್ತ್ರಿ ಅಂಗಿಯ ವೆಂಕಟರಾಯಪ್ಪ ಬಂದ. ಕಾರ್ಯಕ್ರಮದ ಹೆಣ್ಣುಮಗಳು ಕೇಳಿದಳು: "ಈ ಭಾಗದಲ್ಲಿ ಬಿಳಿ ಗೂಡು ಕಷ್ಟ ಅಂತಾರೆ. ನೀವು ಹೇಗೆ ಸಾಧಿಸಿದಿರಿ?"

ಪರದೆಯ ಮೇಲಿನ ವೆಂಕಟರಾಯಪ್ಪ ಕತ್ತು ಕೆರೆದುಕೊಂಡ. "ನಾನು ಮಾಡಿಲ್ಲ ತಾಯಿ. ನಾನು ಬೇಡ ಅಂದೋನು. ಇದೆಲ್ಲ ನಮ್ಮ ಸೊಸೆ ಮಾಡಿದ್ದು. ತೋಟ ನನ್ನ ಹೆಸರಲ್ಲಿದೆ ಅಷ್ಟೆ. ಹುಳಕ್ಕೆ ಜ್ವರ ಬಂದು ಮಲಗಿದ್ರೆ ಆ ಮಗು ತಾನು ಮಲಗಲ್ಲ. ನೀವು ಹೆಸರು ಹಾಕೋದಾದ್ರೆ ಅವಳ ಹೆಸರು ಹಾಕಿ, ನಂದು ಬೇಡ."

"ಅವರು ಎಲ್ಲಿ ಕಲಿತರು?"

"ಅವರಪ್ಪನ ಹತ್ರ. ನಗರಗೆರೆ ಆವುಲಪ್ಪ ಅಂತ. ಅವರ ಹೆಸರೂ ಹೇಳಮ್ಮ. ನಮ್ಮ ಮನೆಗೆ ಇಂಥ ಹೆಣ್ಣು ಕೊಟ್ಟೋರು ಅವರು."

ಪರದೆಯ ಕೆಳಗೆ ಅಕ್ಷರಗಳು ಮೂಡಿದವು: ರಾಧಾಮಣಿ, ರೇಷ್ಮೆ ಬೆಳೆಗಾರರು.

ಧನುಶ್ರೀ ಹಿಂದೆ ತಿರುಗಿ ನೋಡಿದರೆ ಬಾಗಿಲಲ್ಲಿ ತಾತ ಇರಲಿಲ್ಲ. ಆಗಲೇ ಮೇವು ತಿಂದು ಮಲಗಿದ್ದ ಹಸುವಿಗೆ ಮತ್ತೆ ಮೇವು ಹಾಕಲು ಕೊಟ್ಟಿಗೆಗೆ ಹೋಗಿದ್ದ.

"ಈ ಮನುಷ್ಯನ ಜೊತೆ ಇಷ್ಟು ವರ್ಷ ಬಾಳಿದೀನಿ" ಎಂದಳು ಲಕ್ಷ್ಮೀನರಸಮ್ಮ, "ನನ್ನ ಸಾರು ಚೆನ್ನಾಗಿದೆ ಅಂತ ಒಂದು ದಿನ ಅಂದಿಲ್ಲ. ಇವತ್ತು ನೋಡು!" ಹೊಟ್ಟೆಕಿಚ್ಚು, ಹೆಮ್ಮೆ ಎರಡೂ ಅವಳ ಮುಖದಲ್ಲಿದ್ದವು.

ರಾಧಾಮಣಿ ಅಳುತ್ತಿದ್ದಳು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಆವುಲಪ್ಪ ಟವೆಲ್ಲಿನಿಂದ ಮುಖ ಒತ್ತಿಕೊಂಡ.

"ನನ್ನ ಹೆಸರು ಹೇಳಿದ್ರು ಅಲ್ವಾ? ಬೀಗರೇ ಹೇಳಿದ್ರು" ಎಂದ ಕೊನೆಗೆ. "ಹೋಗ್ಲಿ, ಒಂದ್ಸಲ ಆದ್ರೂ ಕಿವೀಲಿ ಕೇಳಿದ್ನಲ್ಲ. ಟಿ.ವಿ.ಲಿ ಬಂದಿದ್ದು ಬಂತು, ಹೋಗಿದ್ದು ಹೋಯ್ತು."

"ಇದು ಹೋಗಲ್ಲ ಅಪ್ಪ" ಎಂದು ರಾಧಾಮಣಿ ಎದ್ದು ಗಂಡನ ಕೈಯಿಂದ ಮೌಸ್ ತೆಗೆದುಕೊಂಡಳು. ಅದನ್ನು ಅವಳು ಮುಟ್ಟಿದ್ದು ಅವತ್ತೇ ಮೊದಲು. ಮುನೇಶ ಎಲ್ಲಿ ಒತ್ತಬೇಕೆಂದು ಬೆರಳು ತೋರಿಸಿದ, ಅವಳು ಒತ್ತಿದಳು. ಇಸ್ತ್ರಿ ಅಂಗಿಯ ಮಾವ ಮತ್ತೆ ಕತ್ತು ಕೆರೆದುಕೊಂಡ.

"ಸಾಕು ನಿಲ್ಲಿಸ್ರೋ!" ಎಂದು ಕೊಟ್ಟಿಗೆಯಿಂದ ವೆಂಕಟರಾಯಪ್ಪನ ಗದರಿಕೆ ಕೇಳಿಸಿತು. "ಎಷ್ಟು ಸಲ ಹಾಕ್ತೀರ ಅದನ್ನ?"

"ಸ್ವಲ್ಪ ಜೋರು ಮಾಡಮ್ಮ" ಎಂದ ಆವುಲಪ್ಪ.

ರಾಧಾಮಣಿ ಸ್ಪೀಕರಿನ ಗುಂಡಿಯನ್ನು ಕೊಟ್ಟಿಗೆಗೂ ಕೇಳುವಷ್ಟು ತಿರುಗಿಸಿದಳು.